ಇಂಗ್ಲಿಷ್ ಗಾಡಿಯ ಬಾಯಿಗೆ ಭಂಡಾರ

ಆಗ ನನಗೆ ಅರವತ್ತೆಂಟು ವರ್ಷ. ಇದೆಲ್ಲ ಆಗಿ ಆರು ವರ್ಷವಾಯಿತು. ವಯಸ್ಸನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ನನ್ನ ತಮ್ಮನ ಗಾಡಿ ನನಗಿಂತ ಎರಡು ವರ್ಷ ದೊಡ್ಡದು. ಆ ವಯಸ್ಸಿನಲ್ಲಿ ನಾನು ಎರಡು ಕೊಡ ನೀರು ಹೊತ್ತು ದಿಣ್ಣೆ ಏರುತ್ತಿದ್ದೆ. ಅದು ಶೆಡ್ಡಿನಿಂದ ಅಂಗಳಕ್ಕೆ ಬರುವುದಕ್ಕೆ ಬೆಳಗಿನಿಂದ ಮಧ್ಯಾಹ್ನದವರೆಗೆ ಬೇಡಿಸಿಕೊಳ್ಳುತ್ತಿತ್ತು.

ನನ್ನದು ಮಹಾರಾಷ್ಟ್ರದ ಗಡಿಯ ಯೆಣೆಗೂರ. ಕುರಿ ಸಾಕುವ ಮನೆತನ, ಜೊತೆಗೆ ಎಂಟು ಎಕರೆ ಹೊಲ. ಓದಿದ್ದು ಮೂರನೆಯ ಇಯತ್ತೆ. ತಮ್ಮ ಹತ್ತನೆಯವರೆಗೆ ಓದಿ ಉದಗೀರಕ್ಕೆ ಹೋಗಿ ಬಸ್ ಡಿಪೋದಲ್ಲಿ ಮಿಸ್ತ್ರಿಯಾದ. ಮೂವತ್ತು ವರ್ಷ ಬಸ್ಸುಗಳ ಹೊಟ್ಟೆಯ ಕೆಳಗೆ ಮಲಗಿಯೇ ನೌಕರಿ ಮುಗಿಸಿದ. ಹೀಗೆ ಮಲಗಿ ಸಂಬಳ ತಂದವನು ನಮ್ಮ ಮನೆತನದಲ್ಲಿ ಅವನೊಬ್ಬನೇ ಎಂದು ನಮ್ಮ ಅಪ್ಪ ಹೇಳುತ್ತಿದ್ದ.

ಗಾಡಿ ಅವನಿಗೆ ಸಿಕ್ಕಿದ್ದು ಹೀಗೆ. ಉದಗೀರ ಕೋಟೆಯ ಕಡೆ ಒಂದು ಹಳೆಯ ಜಹಾಗೀರದಾರರ ವಾಡೆ ಇತ್ತು. ವಾಡೆ ಕೆಡವುವಾಗ ಕುದುರೆ ಲಾಯದ ಗೋಡೆ ಬಿದ್ದು ಅದರ ಹಿಂದೆ ಗಾಡಿ ಕಂಡಿತು. ಒಳಗೆ ಕೋಳಿ ಮೊಟ್ಟೆಯಿಟ್ಟಿದ್ದವು. ವಾಡೆಯವರು ತಮ್ಮನನ್ನು ಕರೆಸಿ, ಇದನ್ನು ಎತ್ತಿಕೊಂಡು ಹೋದರೆ ನಿನ್ನ ಪುಣ್ಯ ಎಂದರು. ಅವರು ಜಾಗ ಖಾಲಿಯಾಗಲಿ ಎಂದು ಹೇಳಿದ್ದು. ತಮ್ಮ ಅದನ್ನು ಪುಣ್ಯವೆಂದೇ ತಿಳಿದ.

ಮುಂದೆ ಹನ್ನೊಂದು ವರ್ಷ ಆ ಗಾಡಿ ಮನೆಯ ಮಗ್ಗುಲಿನ ತಗಡಿನ ಶೆಡ್ಡಿನಲ್ಲಿ ಬಿಚ್ಚಿಕೊಂಡು ಬಿದ್ದಿತ್ತು. ಅವನು ಒಂದೊಂದೇ ಭಾಗ ತಿಕ್ಕಿ, ಕೆತ್ತಿ, ಬೆಸೆದು ಕೂಡಿಸಿದ. ಗಾಡಿ ಮಾಡಿದ ಇಂಗ್ಲಿಷ್ ಕಂಪನಿಯ ಹೆಸರನ್ನು ಅವನು ದಿನಕ್ಕೆ ಹತ್ತು ಸಲ ಹೇಳುತ್ತಿದ್ದ. ನನ್ನ ನಾಲಿಗೆಗೆ ಅದು ಹೊರಳಲಿಲ್ಲ, ಬರೆಯುವುದು ದೂರವೇ ಉಳಿಯಿತು. ಮೂಗಿನ ಮೇಲಿನ ಬಿಲ್ಲೆಯನ್ನೂ ಯಾರೋ ಕಿತ್ತುಕೊಂಡಿದ್ದರು. ಇಂಗ್ಲಿಷ್ ಗಾಡಿ ಎನ್ನುತ್ತೇನೆ, ಅಷ್ಟು ಸಾಕು.

ತಮ್ಮನ ಹೆಂಡತಿ ತೀರಿಕೊಂಡ ಮೇಲೆ ಮನೆ ನಡೆಸುತ್ತಿದ್ದವಳು ಸೊಸೆ. ಅವಳ ಗಂಡ, ಅಂದರೆ ತಮ್ಮನ ಮಗ, ಬಸ್ ಕಂಡಕ್ಟರ್, ಮನೆಯಲ್ಲಿರುವುದೇ ಕಡಿಮೆ. ಸೊಸೆ ಹೊಲಿಗೆ ಹೊಲಿಯುತ್ತಿದ್ದಳು. ಖಾರದ ಪುಡಿ ಬೀಸುವ ಗಿರಣಿ ಹಾಕಬೇಕೆಂದು ಎರಡು ವರ್ಷದಿಂದ ಮನಸ್ಸು ಮಾಡಿದ್ದಳು. ಯಂತ್ರವೂ ಬಂದುಬಿಟ್ಟಿತ್ತು. ಇಡುವ ಜಾಗವಿಲ್ಲದೆ ಪಡಸಾಲೆಯಲ್ಲಿ ಗೋಣಿಚೀಲ ಹೊದ್ದು ನಿಂತಿತ್ತು. ಹೋಗುವಾಗ ಬರುವಾಗ ನಾವೆಲ್ಲ ಅದಕ್ಕೆ ಮೊಣಕಾಲು ಬಡಿದುಕೊಳ್ಳುತ್ತಿದ್ದೆವು. ಜಾಗವಿದ್ದದ್ದು ಶೆಡ್ಡಿನಲ್ಲಿ. ಶೆಡ್ಡಿನಲ್ಲಿ ಗಾಡಿ.

ಒಂದು ದಿನ ಅವಳು ನೇರವಾಗಿ ಕೇಳಿದಳು.

“ಮಾವಾ, ಗಾಡಿ ಓಡ್ತದೇನ್ರಿ ಇಲ್ಲೇನ್ರಿ? ಒಂದು ಮಾತು ಹೇಳ್ರಿ.”

“ಓಡ್ತದವ್ವಾ. ಓಡ್ಲಾಕೇ ಮಾಡ್ಯಾರ ಅದಕ್ಕ. ಇಂಗ್ಲಿಷ್ ಮಂದಿ ರೇಸಿನ್ಯಾಗ ಓಡಿಸಿದ ಇಂಜಿನ್ ಅದು.”

“ಅದು ಅವರ ದೇಶದ್ದಾತು. ಉದಗೀರದಾಗ ಓಡ್ತದೇನು?”

ತಮ್ಮನಿಗೆ ರೋಷ ಬಂತು. ಉದಗೀರ ಯಾಕೆ, ಯೆಣೆಗೂರಿನ ನಮ್ಮ ಬೀರಪ್ಪನ ಗುಡಿಗೆ ಹೋಗಿ ಅದೇ ದಿನ ತಿರುಗಿ ಬರುತ್ತೇನೆ ಎಂದ. ಸೊಸೆ ಬಿಡಲಿಲ್ಲ. ಹೊತ್ತು ಮುಳುಗುವುದರೊಳಗೆ ಮನೆಗೆ ಬರಬೇಕು. ದನ, ಟ್ರ್ಯಾಕ್ಟರ್, ಹಗ್ಗ ಯಾವುದೂ ಹಚ್ಚಬಾರದು. ದಾರಿಯಲ್ಲಿ ಗಾಡಿ ತಾನಾಗಿ ನಿಂತುಬಿಟ್ಟರೆ ಮರುದಿನ ಬೆಳಿಗ್ಗೆ ಭಂಗಾರದವನ, ಅಂದರೆ ಹಳೆಯ ಕಬ್ಬಿಣ ಕೊಳ್ಳುವವನ, ಟೆಂಪೋಕ್ಕೆ ಹೋಗಬೇಕು. ಹೋಗಿ ಬಂದರೆ ಶೆಡ್ಡಿನ ಮಾತು ತಾನು ಇನ್ನೆಂದೂ ಎತ್ತುವುದಿಲ್ಲ. ಸಾಕ್ಷಿಗೆ ಅವಳೇ ಗಾಡಿಯಲ್ಲಿ ಕೂಡುವುದೆಂದು ಆಯಿತು.

ಹೊತ್ತು ಮುಳುಗುವ ಷರತ್ತು ಸುಮ್ಮನೆ ಹಾಕಿದ್ದಲ್ಲ. ಆ ಗಾಡಿಯ ವೈರು ಇಂಗ್ಲಿಷರು ಎಳೆದದ್ದು, ಇಲಿ ತಿಂದದ್ದು, ನನ್ನ ತಮ್ಮ ಜೋಡಿಸಿದ್ದು. ಈ ಮೂವರಲ್ಲಿ ತಪ್ಪು ಯಾರದೋ ಗೊತ್ತಿಲ್ಲ. ಹಾರ್ನ್ ಒತ್ತಿದರೆ ಗಾಜು ಒರೆಸುವ ಕಡ್ಡಿ ಒಂದು ಸಲ ಆ ಕಡೆ ಹೋಗಿ ಬರುತ್ತಿತ್ತು. ದೀಪ ಹಾಕಿದರೆ ಇಂಜಿನ್ನಿಗೆ ಜೀವ ಸಾಲುತ್ತಿರಲಿಲ್ಲ. ಕೆಳಗೆ ಎಣ್ಣೆ ತೊಟ್ಟಿಕ್ಕುತ್ತಲೇ ಇತ್ತು.

“ಎಣ್ಣಿ ಸೋರ್ಲತ್ತದಲ್ಲೋ ತಮ್ಮಾ,” ಎಂದೆ ಒಮ್ಮೆ.

“ಸೋರ್ಲಿ ಬಿಡಕ್ಕಾ. ಸೋರಿದ್ರ ಒಳಗ ಅದ ಅಂತ ತಿಳೀತದ. ಸೋರೂದು ನಿಂತ ದಿನ ಹೆದರ್ಬೇಕು.”

ಕೆಚ್ಚಲು ಸೋರುವ ಕುರಿಯನ್ನು ಮಾರುವಾಗ ನಾನೂ ಇಂಥದ್ದೇ ಮಾತು ಹೇಳುತ್ತೇನೆ. ಆದ್ದರಿಂದ ಸುಮ್ಮನಾದೆ.

ಹೊರಡುವ ದಿನಕ್ಕೆ ನನ್ನನ್ನು ಯೆಣೆಗೂರಿನಿಂದ ಕರೆಸಿದರು. ಹೊಸ ಬಂಡಿಯಾಗಲಿ ಹೊಸ ಟ್ರ್ಯಾಕ್ಟರಾಗಲಿ ಮೊದಲ ಸಲ ಅಂಗಳ ದಾಟುವಾಗ ಮನೆಯ ಹಿರಿಯ ಹೆಣ್ಣುಮಗಳು ಆರತಿ ಎತ್ತಿ ಭಂಡಾರ ಹಾರಿಸಬೇಕು. ಭಂಡಾರವೆಂದರೆ ಅರಿಸಿನದ ಪುಡಿ, ಆದರೆ ನಮ್ಮಲ್ಲಿ ಅದನ್ನು ಅರಿಸಿನ ಎನ್ನುವಂತಿಲ್ಲ; ಬೀರಪ್ಪನ ಪಾದ ಮುಟ್ಟಿದ ಮೇಲೆ ಅದು ಭಂಡಾರ. ಚಿಟಿಕೆಯಲ್ಲಿ ಹಚ್ಚುವ ಪದ್ಧತಿ ನಮ್ಮದಲ್ಲ. ಮುಷ್ಟಿಗಟ್ಟಲೆ ಹಾರಿಸಬೇಕು. ಹಾರಿಸಿದವನ ಕಣ್ಣು, ಹಾರಿಸಿಕೊಂಡವನ ಮೂಗು ಎರಡೂ ಹಳದಿಯಾಗಬೇಕು. ನಾನು ಒಂದು ಸೇರಿನಷ್ಟು ಚೀಲದಲ್ಲಿ ತಂದಿದ್ದೆ.

ಬೆಳಿಗ್ಗೆ ಎಂಟಕ್ಕೆ ಶೆಡ್ಡಿನ ಮುಂದೆ ಹೋದರೆ ಗಾಡಿ ನಡುಗುತ್ತ ನಿಂತಿತ್ತು. ತಮ್ಮ ನಸುಕಿನಿಂದ ಹ್ಯಾಂಡಲ್ ತಿರುಗಿಸಿ ತಿರುಗಿಸಿ ಆಗತಾನೆ ಚಾಲೂ ಮಾಡಿದ್ದ. ಅಂಗಿ ತೊಯ್ದು ಮೈಗೆ ಅಂಟಿತ್ತು.

“ಬಂದ್ ಮಾಡೋ, ಆರತಿ ಎತ್ತತೀನಿ.”

“ಬಂದ್ ಮಾಡಂಗಿಲ್ಲಕ್ಕಾ. ಈಗ ಬಂದ್ ಮಾಡಿದ್ರ ಮತ್ತ ಹಬ್ಬಕ್ಕೇ ಚಾಲೂ ಆಗೂದು. ಹಂಗೇ ಎತ್ತು.”

ಉದ್ದನೆಯ ಬಾನೆಟ್ಟನ್ನು ಅವನೇ ತೆರೆದ. ಒಳಗೆ ಇಂಜಿನ್ ಉದ್ದಕ್ಕೆ ಮಲಗಿತ್ತು, ಬೆಳ್ಳಿಯ ಹಾಗೆ ತಿಕ್ಕಿದ್ದ. ಮಗ್ಗುಲಿಗೆ ಎರಡು ಗುಂಡನೆಯ ಗೋಪುರ, ಅವುಗಳ ತಲೆಯ ಮೇಲೆ ಹಿತ್ತಾಳೆಯ ತಿರುಪು. ಅದು ಕಾರ್ಬೊರೇಟರ್, ಗಾಡಿ ಉಸಿರಾಡುವುದು ಅಲ್ಲಿಂದಲೇ ಎಂದು ಅವನು ಹಿಂದಿನ ಸಂಜೆ ನನಗೆ ಹೇಳಿದ್ದ. ಉಸಿರಾಡುವ ಬಾಯಿಗೆ ಹಾಕಬೇಕಾದ ಜಾಳಿಗೆ ಎಲ್ಲಿಯೂ ಸಿಕ್ಕಿರಲಿಲ್ಲ. ಸೊಳ್ಳೆ ಪರದೆ ಕತ್ತರಿಸಿ ಕಟ್ಟಿದ್ದ.

ನಾನು ಆರತಿ ಎತ್ತಿದೆ. ಆಮೇಲೆ ಭಂಡಾರ ತೆಗೆದೆ. ದೇವರ ಪ್ರಸಾದವನ್ನು ಬಾಯಿಗೆ ಕೊಡಬೇಕಲ್ಲದೆ ಬೆನ್ನಿಗೆ ಸವರಿ ಏನು ಉಪಯೋಗ? ಉಸಿರಾಡುವ ಬಾಯಿ ಎಂದು ಅವನೇ ತೋರಿಸಿದ್ದ. ತುಂಬಿದ ಮುಷ್ಟಿಯನ್ನು ಅಲ್ಲಿಗೇ ಹಾರಿಸಿದೆ. ಇಂಜಿನ್ ಅದನ್ನು ಸರಕ್ಕನೆ ಎಳೆದುಕೊಂಡು ಎರಡು ಸಲ ಸೀನಿತು. ಹಿಂದಿನ ಕೊಳವೆಯಿಂದ ಹಳದಿ ಹೊಗೆ ಬಂತು.

ಓಣಿಯ ಮಂದಿ ಕೈಮುಗಿದರು. “ಒಪ್ಪಿಕೊಂಡಾನ ನಮ್ಮ ಬೀರಪ್ಪ,” ಎಂದೆ ನಾನು, ಎಲ್ಲರಿಗೂ ಕೇಳುವ ಹಾಗೆ. ಎರಡನೆಯ ಮುಷ್ಟಿಯನ್ನೂ ಕೊಟ್ಟೆ.

ತಮ್ಮನ ಮುಖ ನೋಡಲಿಲ್ಲ. ನೋಡಿದ್ದರೆ ತಿಳಿಯುತ್ತಿತ್ತು.

ಗಾಡಿ ಹೊರಟಿತು. ಮುಂದೆ ತಮ್ಮ, ಪಕ್ಕದಲ್ಲಿ ನಾನು, ಹಿಂದೆ ಸೊಸೆ. ಅವಳು ಮೊಬೈಲಿನಲ್ಲಿ ವೇಳೆ ನೋಡಿಕೊಂಡಳು. ಕೂಡುವ ಗಾದಿ ದನದ ತೊಗಲಿನದು. ಎಪ್ಪತ್ತು ವರ್ಷವಾದರೂ ಮಳೆಗಾಲದಲ್ಲಿ ವಾಸನೆ ಬರುತ್ತದೆ ಎಂದು ತಮ್ಮ ಹೆಮ್ಮೆಯಿಂದ ಹೇಳಿದ. ನನ್ನ ಮುಂದಿದ್ದ ಹಲಗೆ ಅಕ್ರೋಟಿನ ಕಟ್ಟಿಗೆಯದು. ಒಂದೇ ಮರದ ಹಲಗೆ ಸೀಳಿ ಎಡಕ್ಕೂ ಬಲಕ್ಕೂ ಗೆರೆ ಕೂಡುವ ಹಾಗೆ ಹಚ್ಚಿದ್ದಾರೆಂದು ಬೆರಳಿಟ್ಟು ತೋರಿಸಿದ. ಖರೇನೇ ಕೂಡಿದ್ದವು. ಅಡುಗೆಮನೆಯ ಕಪಾಟು ಮಾಡುವಾಗ ನಮ್ಮೂರ ಬಡಿಗನಿಗೆ ಎರಡು ಬಾಗಿಲನ್ನು ಕೂಡಿಸಲಾಗಲಿಲ್ಲ ಎಂಬುದು ನೆನಪಾಯಿತು.

“ಒಂದು ಇಂಜಿನ್ ಕೂಡಿಸಿ ದಿನಗಟ್ಟಲೆ ಓಡಿಸಿ ನೋಡ್ತಿದ್ರಂತ ಅಕ್ಕಾ. ನಾಕು ಮಂದಿ ಕಿವಿಗೊಟ್ಟು ಕೂಡ್ತಿದ್ರಂತ. ಒಂದ್ ಸಪ್ಪಳ ಹೆಚ್ಚ ಬಂತಂದ್ರ ಬಿಚ್ಚೂದು.”

“ಅವರ ಕಿವಿ ಚಲೋ ಇದ್ದಾವು. ನಿಂದು ಕಿವಿ ಈಗ ಏನ್ ಹೇಳ್ಲತ್ತದ?”

ಅವನು ರಸ್ತೆ ನೋಡುತ್ತ ಗೇರ್ ಬದಲಿಸಿದ. ಸಪ್ಪಳ ನನಗೂ ಕೇಳಿಸುತ್ತಿತ್ತು. ಆದರೂ ಮೊದಲಿಗೆ ಗಾಡಿ ಚೆನ್ನಾಗಿಯೇ ಹೋಯಿತು. ಎದುರು ಬಂದ ಮೋಟರ್ ಸೈಕಲ್ಲಿನವರು ನಿಂತು ನೋಡುತ್ತಿದ್ದರು. ಹಾರ್ನ್ ಕೂಗದ್ದರಿಂದ ಎಮ್ಮೆ ಅಡ್ಡ ಬಂದಾಗಲೆಲ್ಲ ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ ಕುರಿ ಹೊಡೆಯುವ ಕೂಗು ಹಾಕುತ್ತಿದ್ದೆ. ಆಮೇಲೆ ಏರು ಬಂದಲ್ಲೆಲ್ಲ ಅದಕ್ಕೆ ಮೇಲುಸಿರು ಹತ್ತಿತು. ಗಂಟಲಲ್ಲಿ ಏನೋ ಸಿಕ್ಕಿಕೊಂಡ ಟಗರಿನ ಹಾಗೆ ಕೆಮ್ಮತೊಡಗಿತು. ಸರಕಾರಿ ಬಸ್ಸೊಂದು ನಮ್ಮನ್ನು ಹಿಂದೆ ಹಾಕಿತು. ಆ ಬಸ್ಸನ್ನು ತಾನೇ ಎರಡು ಸಲ ರಿಪೇರಿ ಮಾಡಿದ್ದೆ, ಅದಕ್ಕೆ ಮರ್ಯಾದೆ ಇಲ್ಲ ಎಂದ ತಮ್ಮ.

ನಿಲಂಗಾ ಇನ್ನೂ ಸ್ವಲ್ಪ ದೂರವಿದೆ ಎನ್ನುವಾಗ ಒಂದು ಧಾಬಾದ ಮುಂದೆ ಗಾಡಿ ನಿಂತಿತು. ನಿಲ್ಲಿಸಿದ್ದಲ್ಲ, ನಿಂತದ್ದು.

ಸೊಸೆ ಇಳಿದು ಬೇವಿನ ನೆರಳಿಗೆ ಹೋಗಿ ಫೋನ್ ಹಚ್ಚಿದಳು. “ಹೂಂ ಅಣ್ಣಾ, ನಾಳಿ ಮುಂಜಾನೆ ಬರ್ರಿ. ಟೆಂಪೋ ದೊಡ್ಡದು ತರ್ರಿ,” ಎಂದದ್ದು ನಮಗೆ ಸ್ಪಷ್ಟವಾಗಿ ಕೇಳಿಸಿತು. ಕೇಳಿಸಲಿ ಎಂದೇ ಮಾತಾಡಿದಳು. ಅವಳದೇನೂ ತಪ್ಪಿಲ್ಲ. ಮಾತು ಮಾತೇ.

ತಮ್ಮ ಸ್ಟೇರಿಂಗಿನ ಮೇಲೆ ಎರಡೂ ಕೈ ಇಟ್ಟು ಕೂತಿದ್ದ. ಅವನ ಹೆಂಡತಿ ತೀರಿಕೊಂಡಾಗಲೂ ಅವನ ಮುಖ ಹಾಗೆ ಆಗಿರಲಿಲ್ಲ. ಇದನ್ನು ಬರೆಯಬಾರದಿತ್ತೋ ಏನೋ, ಆದರೆ ನೋಡಿದ್ದು ನಾನು.

ಧಾಬಾದಲ್ಲಿ ಇನ್ನೊಂದು ಗಾಡಿಯೂ ನಿಂತಿತ್ತು. ಕರಿ ಬಣ್ಣದ ದೊಡ್ಡ ಹೊಸ ಗಾಡಿ, ನಮ್ಮ ಎಮ್ಮೆಯ ಕೊಟ್ಟಿಗೆಯಷ್ಟು ಅಗಲ. ಅದರ ಮಾಲಕರು ಹೊರಸಿನ ಮೇಲೆ ಕೂತು ನಾಲ್ಕನೆಯ ಚಹಾ ಕುಡಿಯುತ್ತಿದ್ದರು. ಹೈದರಾಬಾದಿನವರು, ಮೂಲ ಬೀದರ ಕಡೆಯವರಾದ್ದರಿಂದ ನಮ್ಮ ಮಾತೇ ಆಡುತ್ತಿದ್ದರು. ನಮ್ಮ ಗಾಡಿ ನೋಡಿ ಅವರು ಚಹಾ ಬಿಟ್ಟು ಎದ್ದು ಬಂದರು. ತಮ್ಮ ಅವರ ಗಾಡಿ ನೋಡಿ ಟೊಪ್ಪಿಗೆ ತೆಗೆದ. ಎರಡೂ ಒಂದೇ ಕಂಪನಿಯವಂತೆ. ಒಂದೇ ಮನೆತನಕ್ಕೆ ಹೆಣ್ಣು ಕೊಟ್ಟವರ ಹಾಗೆ ಇಬ್ಬರೂ ಕೈ ಹಿಡಿದುಕೊಂಡರು.

“ನಿಮ್ದು ಯಾಕ ನಿಂತದ್ರಿ?” ತಮ್ಮ ಕೇಳಿದ.

“ಏನೂ ಆಗಿಲ್ರಿ. ಇಂಜಿನ್ ಫಸ್ಟ್ ಕ್ಲಾಸ್ ಅದ. ಕೆಂಪು ದೀಪ ಒಂದು ಹತ್ತೇದ. ಅದು ಆರೂತನಕಾ ಚಾಲೂ ಆಗಂಗಿಲ್ಲ ಅಂತದ. ಯಾಕ ಹತ್ತೇದ ಅಂತ ಹೇಳ್ಲಾಕ ಹೈದ್ರಾಬಾದಿಂದ ಲ್ಯಾಪ್‌ಟಾಪ್ ಬರ್ಬೇಕು.”

“ಬಾನೆಟ್ ತೆರದು ನೋಡಿಲ್ಲೇನ್ರಿ?”

“ತೆರದ್ರ ಪ್ಲಾಸ್ಟಿಕ್ ಮುಚ್ಚಳ ಕಾಣ್ತದ. ಅದನ್ನ ನಾವು ತೆರಿಬಾರದಂತ.”

ತಮ್ಮ ಬಹಳ ಮರ್ಯಾದೆಯಿಂದ ಆ ಮುಚ್ಚಳ ನೋಡಿ ಬಂದ. ಅದರ ಓಟದ ಜೋರು ಎಷ್ಟು, ಎಷ್ಟು ಕುದುರೆಗಳ ಶಕ್ತಿ ಎಂದು ಆ ಸಾಹೇಬರು ಹೇಳುತ್ತಲೇ ಇದ್ದರು. ಅಷ್ಟೊಂದು ಕುದುರೆಗಳಲ್ಲಿ ಒಂದಾದರೂ ಈಗ ಎದ್ದು ನಡೆಯಬಾರದೇ ಎಂದು ನಾನು ಕೇಳಿದೆ. ಅವರು ನಗಲಿಲ್ಲ. ಸೊಸೆ ಸೆರಗಿನಲ್ಲಿ ನಕ್ಕಳು.

“ಮಾವಾ, ಹೊಸದೂ ನಿಂತದ, ಹಳೀದೂ ನಿಂತದ. ನಿಮ್ಮ ಕಂಪನಿ ಮಂದಿ ನಿಲ್ಲೂದು ಚಲೋ ಕಲ್ತಾರ ನೋಡ್ರಿ.”

ತಮ್ಮನಿಗೆ ಅದು ನಾಟಿತು. ಎದ್ದು ಹೋಗಿ ಬೋಲ್ಟು ಬಿಚ್ಚುವ ಪಾನಾ ತೆಗೆದ.

“ನಿಂತಿದ್ದು ಯಾಕಂತ ನಾ ಹೇಳ್ತೀನಿ. ನನ್ನ ಗಾಡಿ ನನಗ ಹೇಳ್ತದ, ಹೈದ್ರಾಬಾದಿಗೆ ಹೇಳಂಗಿಲ್ಲ.”

ಬಾನೆಟ್ ತೆರೆದು ಅವನು ಮೊದಲನೆಯ ಗೋಪುರದ ಹಿತ್ತಾಳೆ ತಿರುಪು ಬಿಚ್ಚಿದ. ಮೂರು ಸ್ಕ್ರೂ ತೆಗೆದರೆ ಗೋಪುರವೇ ಕೈಗೆ ಬಂತು. ಒಳಗೆ ಗಡಿಗೆಯ ಮುಚ್ಚಳದಂಥ ಒಂದು ಪಿಸ್ಟನ್. ಅದಕ್ಕೆ ಸರಪಳಿ ಇಲ್ಲ, ಸ್ಪ್ರಿಂಗ್ ಒಂದು ಹೆಸರಿಗೆ. ಇಂಜಿನ್ ಎಷ್ಟು ಉಸಿರು ಎಳೆಯುತ್ತದೋ ಅದು ಅಷ್ಟೇ ಏಳುತ್ತದೆ, ಉಸಿರು ಕಡಿಮೆಯಾದರೆ ಇಳಿಯುತ್ತದೆ. ಏರಿಗೆ ಇಷ್ಟು ಕೊಡು, ಇಳುಕಿಗೆ ಇಷ್ಟು ಕೊಡು ಎಂದು ಯಾರೂ ಹೇಳಬೇಕಾಗಿಲ್ಲ. ಕೂದಲೆಳೆಯಷ್ಟು ಸಂದಿನಲ್ಲಿ, ಎಲ್ಲೂ ತಾಗದ ಹಾಗೆ, ಎಣ್ಣೆಯಲ್ಲಿ ತೇಲುತ್ತಿರುತ್ತದೆ. ಇದನ್ನು ಅವನು ಹೇಳುವಾಗ ಕೈಯಲ್ಲಿ ಹಿಡಿದು ತೋರಿಸುತ್ತಿದ್ದ. ಅಲ್ಲಿಯವರೆಗೆ ಆ ಗಾಡಿಯ ಬಗ್ಗೆ ಅವನು ಹೇಳಿದ್ದರಲ್ಲಿ ನನಗೆ ಪೂರ್ತಿ ತಿಳಿದದ್ದು ಇದೊಂದೇ. ಇಷ್ಟು ಸಣ್ಣ ಬುದ್ಧಿ ಇಷ್ಟು ದೊಡ್ಡ ಕೆಲಸ ಮಾಡುತ್ತದಲ್ಲ ಎಂದು ಮೊದಲ ಸಲ ಇಂಗ್ಲಿಷರ ಬಗ್ಗೆ ಒಳ್ಳೆಯ ಮಾತು ಬಂತು.

ಆದರೆ ಅದು ತೇಲುತ್ತಿರಲಿಲ್ಲ. ಗೋಡೆಗೆ ಅಂಟಿ ಕೂತಿತ್ತು. ತಮ್ಮ ಬೆರಳಿನಿಂದ ಒಳಗೆ ಸವರಿ ಹೊರಗೆ ತೆಗೆದ. ಬೆರಳು ಹಳದಿಯಾಗಿತ್ತು. ಎಣ್ಣೆ ಕೂಡಿ ಒಳ್ಳೆಯ ಲೇಪವಾಗಿತ್ತು, ಮದುಮಗಳಿಗೆ ಹಚ್ಚುವ ಹಾಗೆ.

ಅವನು ಬೆರಳನ್ನು ಲಗೂನೆ ಪ್ಯಾಂಟಿಗೆ ಒರೆಸಿಕೊಂಡ.

“ಏನಾಗ್ಯದ್ರಿ ಮಾವಾ?” ಸೊಸೆ ಹಿಂದೆಯೇ ನಿಂತಿದ್ದಳು.

“ಏನಿಲ್ಲವ್ವಾ. ಧೂಳಾ.”

“ಧೂಳು ಅಂದ್ರ ಗಾಡೀದೇ ತಪ್ಪು. ಎಪ್ಪತ್ತು ವರ್ಷದಾಗ ಧೂಳು ತಡಕೊಳ್ಳೂದು ಕಲೀಲಿಲ್ಲ ಅಂದ್ರ ಹೆಂಗ?”

“ಹೂಂ. ಗಾಡೀದೇ ತಪ್ಪು.”

ಅವನು ತಲೆ ಎತ್ತಲಿಲ್ಲ. ಹನ್ನೊಂದು ವರ್ಷದ ಕೆಲಸವನ್ನು ಭಂಗಾರಕ್ಕೆ ಕೊಡುತ್ತಾನೆ, ಅಕ್ಕ ಹಾಕಿದ ಭಂಡಾರದಿಂದ ನಿಂತಿತು ಎಂದು ಬಾಯಿ ಬಿಡುವುದಿಲ್ಲ. ಬಿಟ್ಟರೆ ಬೀರಪ್ಪನಿಗೂ ಮಾತು, ನನಗೂ ಮಾತು. ಓಣಿಯ ಮಂದಿಯ ಮುಂದೆ ದೇವರು ಒಪ್ಪಿಕೊಂಡ ಎಂದು ಕೂಗಿ ಹೇಳಿದವಳು ನಾನು. ಜೀವಮಾನದಲ್ಲಿ ನಾನು ತಪ್ಪು ಒಪ್ಪಿಕೊಂಡದ್ದು ಎರಡೇ ಸಲ, ಎರಡು ಸಲವೂ ಕೋರ್ಟಿನಲ್ಲಿ, ಬದುವಿನ ವ್ಯಾಜ್ಯಕ್ಕೆ. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

ಆದರೆ ಅವನು ಒರೆಸಿಕೊಂಡ ಪ್ಯಾಂಟು ಬಿಳಿಯದಾಗಿತ್ತು. ತೊಡೆಯ ಮೇಲೆ ಹಳದಿ ಪಟ್ಟಿ ಎದ್ದು ಕಾಣುತ್ತಿತ್ತು. ಅದನ್ನು ನೋಡಿಕೊಂಡು ಕೂಡುವುದು ನನ್ನಿಂದಾಗಲಿಲ್ಲ.

“ಧೂಳು ಹಳದಿ ಇರಂಗಿಲ್ಲ,” ಎಂದೆ. “ಅದು ನಂದು ಭಂಡಾರ. ನಾನೇ ಬಾಯಿಗಿ ಹಾಕೀನಿ. ಎರಡು ಮುಷ್ಟಿ.”

“ಅಕ್ಕಾ, ಸುಮ್ಮ ಕೂಡು.”

“ನೀ ಸುಮ್ಮ ಕೂಡು. ಮುಂಜಾನೇನೇ ಬಾಯಿ ಬಿಡ್ಲಾಕ ಏನಾಗಿತ್ತು ನಿನಗ? ಹಾಕಬ್ಯಾಡ ಅಂದ್ರ ನಾ ಹೊಡೀತಿದ್ನೇನು?”

“ಹೊಡೀತಿದ್ದಿ.”

ಅದು ಖರೇ. ಹೊಡೆಯುತ್ತಿದ್ದೆ.

ಹೈದರಾಬಾದಿನ ಸಾಹೇಬರು ಬೆರಳು ಹಾಕಿ ಮೂಸಿ ನೋಡಿದರು. “ಹಲ್ದೀ,” ಎಂದರು, ವೈದ್ಯರ ಹಾಗೆ. ಸೊಸೆ ನನ್ನ ಮುಖ ನೋಡಿದಳು, ಮಾವನ ಪ್ಯಾಂಟು ನೋಡಿದಳು.

“ಹಂಗಂದ್ರ ಗಾಡಿ ತಾನಾಗಿ ನಿಂತಿಲ್ಲ.”

“ನಿಂತಿಲ್ಲ.”

“ಅತ್ತೀ, ನೀವು ನಿಲ್ಲಿಸಿದ್ರಿ.”

“ಹೂಂ. ನಾ ನಿಲ್ಲಿಸೀನಿ. ಬರ್ಕೋ ಎಲ್ಲೆರೆ.”

ಗಿರಣಿಯ ಯಂತ್ರ ಪಡಸಾಲೆಯಲ್ಲಿ ನಿಂತದ್ದು ಅವಳ ಕಣ್ಣ ಮುಂದೆ ಇದ್ದಿರಬೇಕು. ಅವಳೂ ಸುಮ್ಮನಿದ್ದುಬಿಡಬಹುದಿತ್ತು. ಬಿಸಿಲು ಏರುತ್ತಿತ್ತು, ಅವಳ ಪರವಾಗಿ ಹೊತ್ತೇ ಓಡುತ್ತಿತ್ತು.

“ಏನ್ ಬೇಕು ಈಗ ಇದಕ್ಕ?” ಎಂದಳು.

ತಮ್ಮ ತಲೆ ಎತ್ತಿದ. “ಪೆಟ್ರೋಲ್ ಹಾಕಿ ತೊಳೀಬೇಕು. ಅರಿವಿ ಬೇಕು, ನೂಲು ಬಿಡಬಾರದು. ಮತ್ತ ತೆಳ್ಳನ್ನ ಎಣ್ಣಿ. ನನ್ನ ಹಂತೇಕ ಇದ್ದದ್ದು ದಪ್ಪ.”

“ಹೊಲಿಗಿ ಮಶಿನ್ ಎಣ್ಣಿ ನಡೀತದೇನ್ರಿ?”

“ಅದೇ ಬೇಕವ್ವಾ. ಅದಕ್ಕಿಂತ ಚಲೋದು ಯಾವುದದ?”

ಅವಳು ಚಪ್ಪಲಿ ಹಾಕಿಕೊಂಡು ಹಿಂದಿನ ಊರಿನ ಕಡೆ ನಡೆದಳು. ಅಲ್ಲಿ ದರ್ಜಿಯ ಅಂಗಡಿ ಇದ್ದದ್ದನ್ನು ಬರುವಾಗ ನೋಡಿದ್ದಳಂತೆ. ಹೊಲಿಯುವವರು ದಾರಿಯಲ್ಲಿ ಇಂಥದ್ದನ್ನೇ ನೋಡುತ್ತಾರೆ. ಹೋಗುವಾಗ ತಿರುಗಿ, “ಇನ್ನೊಮ್ಮೆ ನಿಂತ್ರ ಮಾತ್ರ ಅದು ಗಾಡೀದೇ ತಪ್ಪು. ಭಂಗಾರದವರಿಗಿ ಬರಬ್ಯಾಡ್ರಿ ಅಂತ ಈಗ ಹೇಳಂಗಿಲ್ಲ,” ಎಂದು ಹೇಳಿಯೇ ಹೋದಳು.

ಅರಿವೆಗೆ ನನ್ನ ಸೆರಗು ಹರಿದು ಕೊಟ್ಟೆ. ಹಳೆಯ ಸೀರೆ, ತೊಳೆದು ತೊಳೆದು ಮೆತ್ತಗಾಗಿತ್ತು. ತಮ್ಮ ಎರಡೂ ಗೋಪುರ ಬಿಚ್ಚಿ ಧಾಬಾದ ಹಿಟ್ಟು ನಾದುವ ಪರಾತದಲ್ಲಿ ಇಟ್ಟುಕೊಂಡು ತೊಳೆದ. ಒಂದನ್ನು ನಾನು ಒರೆಸಿದೆ. ಕುರಿಮರಿ ಹುಟ್ಟಿದಾಗ ಮೂಗು ಒರೆಸುವ ಕೈ ಇದು, ಎಲ್ಲಿ ಎಷ್ಟು ಒತ್ತಬೇಕೆಂದು ಹೇಳಿಸಿಕೊಳ್ಳಬೇಕಾಗಿಲ್ಲ. ಇನ್ನೊಂದನ್ನು ಹೈದರಾಬಾದಿನ ಸಾಹೇಬರು ಒರೆಸಿದರು. ತೋಳಿನ ಗುಂಡಿ ಬಿಚ್ಚಿ, ಉಂಗುರ ತೆಗೆದು ಜೇಬಿಗೆ ಹಾಕಿಕೊಂಡು, ನೆಲದ ಮೇಲೆ ಕೂತೇ ಒರೆಸಿದರು. ಸ್ವಂತ ಗಾಡಿಯೊಳಗಿನ ಯಾವ ಭಾಗವನ್ನೂ ಅವರು ಈವರೆಗೆ ಕೈಯಿಂದ ಮುಟ್ಟಿರಲಿಲ್ಲವಂತೆ. ಒರೆಸಿ ಮುಗಿದರೂ ಅವರು ಅದನ್ನು ಕೆಳಗೆ ಇಡಲಿಲ್ಲ, ನಾನೇ ಇಸಿದುಕೊಳ್ಳಬೇಕಾಯಿತು.

ಎಣ್ಣೆ ಬಂತು. ತಮ್ಮ ಕಿವಿಗೆ ಹನಿ ಬಿಡುವ ಹಾಗೆ ಬಿಟ್ಟ. ಬೆರಳಿನಿಂದ ಪಿಸ್ಟನ್ ಎತ್ತಿ ಬಿಟ್ಟರೆ ಅದು ಮೆಲ್ಲಗೆ ಇಳಿದು ಟಕ್ ಎಂದು ಕೂತಿತು. ಆ ಸಪ್ಪಳಕ್ಕೆ ಅವನು ಸೊಸೆಯ ಮುಖ ನೋಡಿದ. ಅವಳೂ ಒಮ್ಮೆ ಎತ್ತಿ ಬಿಟ್ಟು ಕೇಳಿದಳು. ಹ್ಯಾಂಡಲ್ ಎರಡನೆಯ ಸುತ್ತಿಗೇ ಗಾಡಿ ಚಾಲೂ ಆಯಿತು.

ನಾವು ಹೊರಡುವಾಗ ಸಾಹೇಬರು ಐದನೆಯ ಚಹಾ ಹೇಳಿದ್ದರು. ಕೆಂಪು ದೀಪ ಹಾಗೇ ಇತ್ತು.

ನಿಲಂಗಾ ದಾಟಿ, ಉಮರ್ಗಾ ರಸ್ತೆ ಹಿಡಿದು, ಯೆಣೆಗೂರಿನ ನಮ್ಮ ಹೊಲದ ಗುಡಿ ಮುಟ್ಟಿದಾಗ ಮಧ್ಯಾಹ್ನ ಸಾಕಷ್ಟು ತಿರುಗಿತ್ತು. ಪೂಜಾರಿ ನಮ್ಮ ಭಾವಕಿಯವನೇ, ಒಂದೇ ಮನೆತನ. ಗಾಡಿ ನೋಡಿದ್ದೇ ತಡ ಭಂಡಾರದ ಬುಟ್ಟಿ ಎತ್ತಿಕೊಂಡು ಬಾನೆಟ್ಟಿನ ಕಡೆ ಓಡಿ ಬಂದ. ನಾನು ಅವನ ಮುಂಗೈ ಹಿಡಿದುಕೊಂಡೆ.

“ಗಾಜಿಗಿ ಹಚ್ಚು. ಗಾಲಿಗಿ ಹಚ್ಚು. ನನ್ನ ತಲಿಗಿ ಸುರಿ ಬೇಕಾದ್ರ. ಮುಂದಿನ ಕಡಿ ಬಂದೀ, ಕೈ ಮುರೀತೀನಿ.”

“ಯಾಕಬೇ ಮುದುಕೀ, ಮಡಿ ಏನು ಅದಕ್ಕ?”

“ಹೂಂ. ಉಪವಾಸ ಅದ ಅದು.”

ತಮ್ಮ ಗಾಡಿ ಬಂದ್ ಮಾಡದೆ ಕೂತಲ್ಲೇ ಕೈಮುಗಿದ. ಇಳಿದು ಕೈಮುಗಿಯಲು ಹೊತ್ತಿರಲಿಲ್ಲ. ಬೀರಪ್ಪ ಕುರಿಯ ಹಿಂದೆ ತಿರುಗಿದವನು, ಆತುರದ ಮಂದಿಯ ಕಷ್ಟ ತಿಳಿಯುತ್ತದೆ.

ತಿರುಗಿ ಹೋಗುವಾಗ ಗಾಡಿ ಹೋದ ರೀತಿಯನ್ನು ನಾನು ಅದಕ್ಕೆ ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ. ಕೆಮ್ಮಿಲ್ಲ, ದಮ್ಮಿಲ್ಲ. ಏರಿನಲ್ಲಿ ಎಳೆಯುವಾಗ ಬೆನ್ನು ಗಾದಿಗೆ ಒತ್ತುತ್ತಿತ್ತು. ಮುಂಜಾನೆಯ ಅದೇ ಬಸ್ಸು ಎದುರಿಗೆ ಬಂತು. ಅದು ನಮ್ಮನ್ನು ಹಿಂದೆ ಹಾಕುವ ಪ್ರಶ್ನೆ ಇರಲಿಲ್ಲವಾದರೂ ತಮ್ಮ ಅದರ ಕಡೆ ಬೇಕೆಂದೇ ನೋಡಿದ. ಸೊಸೆ ಹಿಂದೆ ನಿದ್ದೆ ಮಾಡಿದ್ದಳು. ಸಾಕ್ಷಿ ನಿದ್ದೆ ಮಾಡಿದ್ದು ಗಾಡಿಯ ಗೆಲುವೇ ಎಂದು ನಾನು ತಮ್ಮನ ಕಿವಿಯಲ್ಲಿ ಹೇಳಿದೆ.

ಉದಗೀರ ಇನ್ನು ಮೂರು ಮೈಲಿ ಇದೆ ಎನ್ನುವಾಗ ರಸ್ತೆಯ ತುಂಬ ಕುರಿ. ಮುನ್ನೂರಕ್ಕೆ ಕಡಿಮೆ ಇರಲಿಲ್ಲ. ಸೂರ್ಯ ಕೆಳಗೆ ಇಳಿದಿದ್ದ. ತಮ್ಮ ಹಾರ್ನ್ ಒತ್ತಿದ, ಕಡ್ಡಿ ಗಾಜು ಒರೆಸಿತು. ನಿಂತು ಕಾದರೆ ಇಂಜಿನ್ ಕಾದು ನಿಂತುಹೋಗುತ್ತದೆ ಎಂದ. ನಾನು ಇಳಿದೆ. ಕಾಯುವವನು ಎಲ್ಲೋ ಹಿಂದೆ ಬೀಡಿ ಸೇದುತ್ತಿದ್ದ. ಕುರಿಗಳ ನಡುವೆ ಹೋಗಿ ಮುಂದಾಳು ಟಗರನ್ನು ಹುಡುಕಿ ಕಿವಿ ಹಿಡಿದು ಹೊಲಕ್ಕೆ ಇಳಿಸಿದೆ. ಉಳಿದವು ಅದರ ಹಿಂದೆ ಇಳಿದವು. ಗಾಡಿ ನಿಲ್ಲದೆ ಮೆಲ್ಲಗೆ ಬಂತು, ನಾನು ಓಡುತ್ತ ಬಾಗಿಲು ಹಿಡಿದು ಹತ್ತಿಕೊಂಡೆ. ಅರವತ್ತೆಂಟು ಎಂದು ಮೊದಲೇ ಹೇಳಿದ್ದೇನೆ.

ಅಂಗಳಕ್ಕೆ ಬಂದಾಗ ಬಿಸಿಲು ಮಸೀದಿಯ ಮಿನಾರದ ತುದಿಯಲ್ಲಿ ಇನ್ನೂ ಇತ್ತು. ಸೊಸೆ ಮೊಬೈಲ್ ನೋಡಲಿಲ್ಲ, ಮಿನಾರ ನೋಡಿದಳು.

“ಗೆದ್ರಿ ಮಾವಾ,” ಎಂದಳು. ಮಾತು ಕೊಟ್ಟ ಹಾಗೆ ಶೆಡ್ಡಿನ ಸುದ್ದಿ ಎತ್ತಲಿಲ್ಲ. ಒಳಗೆ ಹೋಗುವಾಗ ಯಂತ್ರಕ್ಕೆ ಮೊಣಕಾಲು ಬಡಿದುಕೊಂಡ ಸಪ್ಪಳ ಕೇಳಿಸಿತು. ಅವಳು ಅಯ್ಯೋ ಎನ್ನಲೂ ಇಲ್ಲ. ತಮ್ಮ ರೊಟ್ಟಿ ತಿನ್ನುವಾಗ ತಾಟು ನೋಡುತ್ತ ಕೂತಿದ್ದ. ಗೆದ್ದವನೂ ಸೋತವಳೂ ಒಂದೇ ತರಹ ಊಟ ಮಾಡಿದರು. ಭಂಗಾರದವನಿಗೆ ಬರಬೇಡ ಎಂದು ಫೋನ್ ಮಾಡುವುದನ್ನು ಇಬ್ಬರೂ ಮರೆತರು. ನಾನು ಮರೆಯಲಿಲ್ಲ. ಸುಮ್ಮನಿದ್ದೆ.

ಗಾಡಿಯನ್ನು ಒಳಗೆ ಹಾಕುವಾಗ ನಾನು ಶೆಡ್ಡನ್ನು ಚೆನ್ನಾಗಿ ನೋಡಿದ್ದೆ. ಗಾಡಿ ಹಿಡಿದಿದ್ದ ಜಾಗ ಅರ್ಧ. ಉಳಿದ ಅರ್ಧದಲ್ಲಿ ಮೂವತ್ತು ವರ್ಷದಿಂದ ಕೂಡಿಟ್ಟ ಸವೆದ ಬೇರಿಂಗು, ಮುರಿದ ಸ್ಪ್ರಿಂಗ್ ಪಾಟಾ, ತೂತು ಬಿದ್ದ ರೇಡಿಯೇಟರು, ಬಾಗಿದ ಬಾಗಿಲು, ಯಾವುದೋ ಕಾಲಕ್ಕೆ ಬೇಕಾದೀತು ಎಂದು ಎತ್ತಿಟ್ಟ ಎಲ್ಲವೂ. ಇಂಗ್ಲಿಷ್ ಗಾಡಿಗೆ ಅದರಲ್ಲಿ ಒಂದೂ ಕೂಡುವುದಿಲ್ಲ ಎಂದು ಅವನೇ ಹಿಂದೊಮ್ಮೆ ಹೇಳಿದ್ದ.

ಮರುದಿನ ಬೆಳಿಗ್ಗೆ ಟೆಂಪೋ ಬಂದಾಗ ತಮ್ಮ ಇನ್ನೂ ಮಲಗಿದ್ದ. ನಾನು ಭಂಗಾರದವನನ್ನು ಬಾಗಿಲಲ್ಲೇ ತಡೆದು, ಸಪ್ಪಳ ಮಾಡಬೇಡ ಎಂದು ಹೇಳಿ, ಗಾಡಿಯ ಮೇಲೆ ನನ್ನ ಕಂಬಳಿ ಹೊದಿಸಿ, ಅದನ್ನು ಬಿಟ್ಟು ಉಳಿದದ್ದೆಲ್ಲವನ್ನೂ ಒಂದೊಂದಾಗಿ ನಾನೇ ಎತ್ತಿ ಕೊಟ್ಟು ಹೇರಿಸಿದೆ. ಸೊಸೆಯೂ ಬಂದು ಕೈಹಚ್ಚಿದಳು. 

ಆಮೇಲೆ ಇಬ್ಬರೂ ಕೂಡಿ ಯಂತ್ರವನ್ನು ತಳ್ಳಿಕೊಂಡು ಹೋಗಿ ಖಾಲಿಯಾದ ಅರ್ಧದಲ್ಲಿ ಇಟ್ಟೆವು. ಗಾಡಿಯ ಬಾಯಿ ಇದ್ದ ಕಡೆ ಬೇಡ, ಖಾರದ ಪುಡಿ ಹಾರುತ್ತದೆ ಎಂದು ಅವಳೇ ಹೇಳಿ ಹಿಂದಿನ ಗಾಲಿಯ ಹತ್ತಿರ ನಿಲ್ಲಿಸಿದಳು. ತಮ್ಮ ಏಳುವ ಮೊದಲೇ ನಾನು ಎಂಟು ಗಂಟೆಯ ಬಸ್ ಹಿಡಿದು ಯೆಣೆಗೂರಿಗೆ ಹೋದೆ.